ನಮ್ಮನೇಲಾದ್ರೆ

ಕನ್ನಡಕದ ಅಂಗಡಿ ಯಜಮಾನರಿಗೆ ಬೀದಿಯವರ ದೃಷ್ಟಿದೋಷವೆಲ್ಲ ಬಾಯಿಪಾಠ, ತಮ್ಮ ನಾಲಿಗೆಯ ದೋಷವೊಂದನ್ನು ಬಿಟ್ಟು. ಊಟಕ್ಕೆ ಕೂತು ಮೊದಲ ಚಮಚ ಬಾಯಿಗಿಟ್ಟರೆ ಸಾಕು, ಕಣ್ಣು ಮುಚ್ಚಿ ಉದ್ದನೆಯ ನಿಟ್ಟುಸಿರೊಂದನ್ನು ಬಿಡುವರು. ಅದರ ಅರ್ಥ ಮನೆಯವರಿಗೆಲ್ಲ (ಅಂದರೆ ಹೆಂಡತಿಗೆ ಮತ್ತು ಬೆಕ್ಕಿಗೆ) ಚೆನ್ನಾಗಿ ಗೊತ್ತು.

"ಏನೇ ಹೇಳು, ನಮ್ಮ ಸ್ಕೂಲ್ ಕ್ಯಾಂಟೀನಲ್ಲಾದ್ರೆ ಬಟಾಣಿ ಸೂಪು..."

"ಶುರುವಾಯ್ತು ಪುರಾಣ," ಎಂದಳು ಹೆಂಡತಿ.

ಪುರಾಣವೇ ಸರಿ. ಉದ್ದ ಬೆಂಚು, ನೆಗ್ಗಿದ ತಟ್ಟೆ, ಹೊಗೆಯಾಡುವ ಹಂಡೆ, ಹಂಡೆಯ ಹಿಂದೆ ಸೌಟುಧಾರಿಣಿಯಾಗಿ ಸಾಕ್ಷಾತ್ ಕ್ಯಾಂಟೀನಮ್ಮ! ಇದನ್ನು ಕೇಳಿ ಕೇಳಿ ಹೆಂಡತಿಗೆ ಆ ಶಾಲೆಯಲ್ಲಿ ತಾನೇ ಫೇಲಾದಂತೆ ಅನ್ನಿಸುತ್ತಿತ್ತು. ಆಕೆ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡ ಟೈಲರ್. ಊರವರ ಅಳತೆಯೆಲ್ಲ ಕೈಗೆ ಹತ್ತಿದೆ, ಗಂಡನ ಬಾಯಿಯ ಅಳತೆಯೊಂದು ಹತ್ತಿಲ್ಲ.

"ರುಬ್ಬಿ ಮಾಡ್ದೆ, ಇಷ್ಟು ನುಣ್ಣಗಿರ್ಲಿಲ್ಲ ಅಂದ್ರಿ. ರುಬ್ಬದೆ ಮಾಡ್ದೆ, ಹೀಗಿರ್ಲಿಲ್ಲ ಅಂದ್ರಿ. ಹೇಗಿತ್ತು ಅಂತಾದ್ರೂ ಹೇಳಿ!"

"ಹೇಳಿದ್ರೆ ಬರೋದಲ್ಲ ಕಣೇ. ಅದಕ್ಕೆ ಕೈಗುಣ ಬೇಕು."

ಕೈಗುಣ! ದಿನವಿಡೀ ಸೂಜಿ ಚುಚ್ಚಿಸಿಕೊಳ್ಳುವ ಕೈಗೆ ಈ ಮಾತು ಚುಚ್ಚಿದಷ್ಟು ಯಾವ ಸೂಜಿಯೂ ಚುಚ್ಚಿರಲಿಲ್ಲ.

"ಆಯ್ತು ರೀ. ಆ ಕೈಯನ್ನೇ ಮನೆಗೆ ಕರೆಸ್ತೀನಿ. ಆಯಮ್ಮನ ಸೂಪು ನನ್ನದಕ್ಕಿಂತ ಚೆನ್ನಾಗಿದೆ ಅಂತ ನಿಮ್ಮ ಬಾಯಲ್ಲಿ ಬಂದ್ರೆ, ಅವರ ಹತ್ರಾನೇ ಕೂತು ಕಲಿತೀನಿ. ಬರ್ಲಿಲ್ಲ ಅಂದ್ರೆ ಇನ್ನು ಈ ಮೇಜಿನ ಮೇಲೆ ಸ್ಕೂಲಿನ ಸುದ್ದಿ ಎತ್ತಬಾರದು."

"ಒಪ್ಪಿದೆ!" ಎಂದರು ಯಜಮಾನರು. ಆಯಮ್ಮ ಈಗ ಎಲ್ಲಿ ಸಿಗುತ್ತಾಳೆ ಎಂಬ ಧೈರ್ಯ ಅವರದು. ಆದರೆ ಟೈಲರ್ ಹತ್ತಿರ ಅಳತೆ ಕೊಡಲು ಬರುವ ಹೆಂಗಸರಿಗೆ ತಿಳಿಯದ ವಿಳಾಸ ಭೂಮಂಡಲದಲ್ಲಿ ಉಂಟೆ? ಭಾನುವಾರ ಮಧ್ಯಾಹ್ನ ಕ್ಯಾಂಟೀನಮ್ಮ ಬಾಗಿಲಲ್ಲಿ ನಿಂತಿದ್ದಳು. ಬೆನ್ನು ಬಾಗಿತ್ತು, ಗಂಟಲು ಮಾತ್ರ ಹಂಡೆಯ ಕಾಲದ್ದೇ.

"ನನ್ನ ಸೂಪು ನೆನೆಸ್ಕೊಂಡು ಕರೆಸಿದ್ಯೇನಪ್ಪಾ? ನಿನ್ನ ಗುರ್ತೇ ಸಿಗ್ತಿಲ್ಲ ನೋಡು," ಎಂದು ಅವರ ಬೋಳುತಲೆಯನ್ನು ದಿಟ್ಟಿಸಿ, ನೇರ ಅಡುಗೆಮನೆಗೆ ನಡೆದಳು.

ಸೂಪು ಬಂತು. ಯಜಮಾನರು ಚಮಚ ಬಾಯಿಗಿಟ್ಟರು. ಅದೇ ರುಚಿ, ಎಳ್ಳಷ್ಟೂ ಬದಲಾಗಿರಲಿಲ್ಲ. ಕಷ್ಟವಾದದ್ದೇ ಅಲ್ಲಿ. ನೀರಿನ ಪಾಡಿಗೆ ನೀರು, ಬಟಾಣಿಯ ಪಾಡಿಗೆ ಬಟಾಣಿ, ಒಂದಕ್ಕೊಂದು ಪರಿಚಯವಿಲ್ಲ. ಉಪ್ಪಂತೂ ಮೂರನೆಯವರ ಮನೆಯಲ್ಲಿತ್ತು. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರಲ್ಲ, ಆ ಬೆಟ್ಟವೀಗ ತಟ್ಟೆಗೇ ಬಂದು ಕೂತಿತ್ತು. ಗಾದೆಯಲ್ಲಿ ನುಂಗಲೂ ಆಗದ, ಉಗುಳಲೂ ಆಗದ ವಸ್ತು ಬಿಸಿತುಪ್ಪ. ಆ ಗಾದೆ ಕಟ್ಟಿದವನು ಈ ಸೂಪು ಕುಡಿದಿರಲಿಲ್ಲ, ಅಷ್ಟೆ. ಅಭ್ಯಾಸಬಲದಿಂದ ಅವರ ಕಣ್ಣು ಮುಚ್ಚಿತು, ನಿಟ್ಟುಸಿರು ಹೊರಟಿತು.

ಕ್ಯಾಂಟೀನಮ್ಮ ಬೆಚ್ಚಿದಳು. "ಈ ನಿಟ್ಟುಸಿರು ಎಲ್ಲೋ ಕೇಳಿದೀನಲ್ಲ... ಅಯ್ಯೋ! ನೀನು ನಮ್ಮನೇಲಾದ್ರೆ ಅಲ್ವೇನೋ?"

"ಏನಂದ್ರಿ?" ಹೆಂಡತಿಯ ಕಿವಿ ನೆಟ್ಟಗಾಯಿತು.

"ಇವನ ಹೆಸರಮ್ಮಾ! ದಿನಾ ಮೊದಲ್ನೇ ಚಮಚಕ್ಕೇ ಹೀಗೆ ಉಸಿರು ಬಿಟ್ಟು, 'ನಮ್ಮನೇಲಾದ್ರೆ ಗಟ್ಟಿ ಇರತ್ತೆ, ನಮ್ಮನೇಲಾದ್ರೆ ಅಮ್ಮ ಉಪ್ಪು ಹಾಕ್ತಾಳೆ' ಅಂತ ಶುರು. 'ಬಂದ ನೋಡ್ರೇ ನಮ್ಮನೇಲಾದ್ರೆ' ಅಂತ ನಾವೆಲ್ಲ ನಗ್ತಿದ್ವಿ."

ಹೆಂಡತಿ ನಕ್ಕಳು. ಮೇಜು ಹಿಡಿದುಕೊಂಡು ನಕ್ಕಳು. ಯಜಮಾನರು ಇಂಗು ತಿಂದ ಮಂಗನಂತೆ ಕೂತರು. ಇರಲಿ, ಹೇಗಿದ್ದರೂ ಮಾನ ಹೋಯಿತು, ನಿಜ ಹೇಳಿ ಹೆಂಡತಿಯ ಸೂಪನ್ನಾದರೂ ಉಳಿಸಿಕೊಳ್ಳೋಣ ಎಂದು ಅವರು ಬಾಯಿ ತೆರೆಯುವಷ್ಟರಲ್ಲಿ ಕ್ಯಾಂಟೀನಮ್ಮನ ದನಿ ಮೆತ್ತಗಾಯಿತು.

"ನಗ್ತಿದ್ವಿ ನಿಜ, ಆದ್ರೆ ಒಳಗೊಳಗೇ ನಂಗೆ ಅದೊಂದು ಕೊರಗಮ್ಮಾ. ಊರ ಮಕ್ಕಳೆಲ್ಲ ತಿಂದ್ರೂ ಇವನೊಬ್ಬನ ಬಾಯಲ್ಲಿ ಚೆನ್ನಾಗಿದೆ ಅನ್ನಿಸ್ಕೊಳ್ಳೋಕಾಗ್ಲಿಲ್ಲ. ಈಗ ಹೇಳೋ, ಹೇಗಿದೆ?"

ಮುದುಕಿ ಸೆರಗಿನಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕಾದಳು. ಯಜಮಾನರು ಚಮಚ ಕೆಳಗಿಟ್ಟರು. ಪಾಪ, ಒಂದು ಒಳ್ಳೆಯ ಮಾತಿಗೆ ಈ ಜೀವ ಇಷ್ಟು ವರ್ಷ ಕಾದಿತ್ತೇ!

"ಆಹಾ! ಇಂಥಾ ಸೂಪು ಎಲ್ಲೂ ಕುಡಿದಿಲ್ಲಮ್ಮಾ," ಎಂದರು. (ಸುಳ್ಳೇನಲ್ಲ.) "ಇನ್ನೊಂದು ಸೌಟು ಹಾಕಿ."

ಮುದುಕಿಯ ಮುಖ ಅರಳಿದ್ದು ನೋಡಿ ಅವರಿಗೆ ನಿಜವಾಗಿಯೂ ಸಂತೋಷವಾಯಿತು. ಆ ಸಂತೋಷದಲ್ಲಿ ಎರಡನೆಯ ತಟ್ಟೆಯೂ ಹೇಗೋ ಇಳಿಯಿತು.

"ನನ್ನದಕ್ಕಿಂತ ಚೆನ್ನಾಗಿದೆ ತಾನೇ?" ಹೆಂಡತಿ ಜೇನಿನಂಥ ದನಿಯಲ್ಲಿ ಕೇಳಿದಳು.

ಮುದುಕಿ ಅವರ ಬಾಯಿಯನ್ನೇ ನೋಡುತ್ತಿದ್ದಳು. "ಹೂಂ," ಎಂದರು ಯಜಮಾನರು ಸಣ್ಣಗೆ.

"ಹಾಗಾದ್ರೆ ನೀವೇ ಗೆದ್ರಿ." ಹೆಂಡತಿ ಬೆಳಿಗ್ಗೆ ತಾನು ಮಾಡಿಟ್ಟಿದ್ದ ಸೂಪನ್ನು ಬಿಸಿ ಮಾಡಿ ತಂದು ಕ್ಯಾಂಟೀನಮ್ಮನಿಗೂ ತನಗೂ ಬಡಿಸಿಕೊಂಡಳು. ಗಟ್ಟಿ ಸೂಪು, ಮೇಲೆ ಬೆಣ್ಣೆ, ಪಕ್ಕದಲ್ಲಿ ಬ್ರೆಡ್ಡು. ಕ್ಯಾಂಟೀನಮ್ಮ ಒಂದು ಗುಟುಕಿಗೇ, "ಏನಮ್ಮಾ ಇದು! ಹೀಗೂ ಮಾಡಬಹುದಾ?" ಎಂದು ಬಟ್ಟಲು ಬಳಿದಳು.

"ನಂಗೂ ಒಂಚೂರು..." ಯಜಮಾನರು ತಟ್ಟೆ ಮುಂದೆ ಮಾಡಿದರು.

"ನಿಮಗ್ಯಾಕ್ರೀ ಈ ಕೈಗುಣ ಇಲ್ಲದ್ದು?" ಎಂದು ತಟ್ಟೆಯನ್ನು ಹಿಂದಕ್ಕೆ ಸರಿಸಿದ ಹೆಂಡತಿ, ಕ್ಯಾಂಟೀನಮ್ಮನ ಕಡೆ ತಿರುಗಿದಳು. "ಅಮ್ಮಾ, ಮಾತು ಕೊಟ್ಟಿದೀನಿ, ಕಲೀಲೇಬೇಕು. ಭಾನುವಾರ ಭಾನುವಾರ ಬಂದು ಇವರಿಗೆ ನಿಮ್ಮ ಸೂಪು ಮಾಡಿ ಬಡಿಸಿ, ನಂಗೂ ಕಲಿಸ್ತೀರಾ?"

ಕ್ಯಾಂಟೀನಮ್ಮ ಪ್ರೀತಿಯಿಂದ ಯಜಮಾನರ ಬೋಳುತಲೆ ಸವರಿದಳು.

"ಭಾನುವಾರ ಮಾತ್ರ ಯಾಕಮ್ಮಾ? ನಂಗೀಗ ದಿನಾ ಪುರುಸೊತ್ತೇ."