ದೋಹಾದಲ್ಲಿ ಒಂದು ಇರುವೆಯೂ ಇಲ್ಲ

ಹುಳಹುಪ್ಪಟೆಗೂ ನನಗೂ ಎಂತ ಜನ್ಮಾಂತರದ ಋಣವೋ ಗೊತ್ತಿಲ್ಲ. ನಾನು ಹೋದಲ್ಲೆಲ್ಲ ಅವು ನನಗಿಂತ ಮೊದಲೇ ಹೋಗಿ ಬಿಡಾರ ಹೂಡಿರುತ್ತವೆ. ಕಡಲು ದಾಟಿ ಹೋದರೂ ಬಿಡಲಿಲ್ಲ.

ತೊಂಬತ್ತರ ದಶಕದ ಮಾತು. ಮದುವೆಯಾದ ಮೇಲೆ ನಾನು ಉಡುಪಿ ಹತ್ತಿರ ಅತ್ತೆಯ ಜೊತೆ, ನಮ್ಮ ಯಜಮಾನರು ದೋಹಾದಲ್ಲಿ. ಕೊನೆಗೂ ಫ್ಯಾಮಿಲಿ ವೀಸಾ ಸಿಕ್ಕಿತು. ಅತ್ತೆಗೆ ನನ್ನನ್ನು ಕಳಿಸಲು ಸುತರಾಂ ಮನಸ್ಸಿಲ್ಲ. "ಬಚ್ಚಲಲ್ಲಿ ಒಂದು ಜಿರಳೆ ಕಂಡರೆ ಅಂಗಳಕ್ಕೆ ಓಡುವವಳು ಇವಳು. ಪರದೇಶದಲ್ಲಿ ಸಂಸಾರ ಮಾಡ್ತಾಳಾ?" ಎಂದು ಮಗನನ್ನು ಫೋನಿನಲ್ಲಿ ಕೇಳಿದರು.

"ಇಲ್ಲಿ ಬರೀ ಮರಳು ಅಮ್ಮಾ. ಒಂದು ಇರುವೆಯೂ ಇಲ್ಲ," ಎಂದರು ಇವರು, ದೇವರ ಆಣೆ ಹಾಕಿ.

ಅತ್ತೆ ಒಪ್ಪಿದರು, ಆದರೆ ಷರತ್ತು ಹಾಕಿದರು. "ಒಂದು ವರ್ಷ ನೋಡುವ. ರಜೆಗೆ ಬಂದಾಗ ಇವಳಿಗೆ ಅಲ್ಲಿ ಕಷ್ಟ ಅಂತ ನನಗೆ ಕಂಡರೆ ಮತ್ತೆ ಕಳಿಸುವುದಿಲ್ಲ." ನನಗೋ ಗಂಡನ ಜೊತೆ ಇರುವ ಆಸೆ. ಬಾಯಿ ಮುಚ್ಚಿಕೊಂಡು ವಿಮಾನ ಹತ್ತಿದೆ.

ಫ್ರಿಜ್ಜಿನ ಹಿಂದಿನವರು

ದೋಹಾದ ಅಲ್ ಮನ್ಸೂರಾ ಎಂಬ ಬಡಾವಣೆಯಲ್ಲಿ ನಮ್ಮ ಫ್ಲ್ಯಾಟ್. ಬಂದ ಮರುದಿನ ಬೆಳಿಗ್ಗೆ ಚಹಾಕ್ಕೆಂದು ಸಕ್ಕರೆ ಡಬ್ಬಿ ಎತ್ತಿದೆ. ಅದರ ಹಿಂದಿನಿಂದ ಉಗುರಿನಷ್ಟು ಉದ್ದದ ಕಂದು ಹುಳವೊಂದು ಸರ್ರನೆ ಓಡಿತು. "ಜಿರಳೆ!" ಎಂದು ಕಿರುಚಿದೆ.

"ಅದು ಜಿರಳೆ ಅಲ್ಲ," ಎಂದರು ಇವರು, ಪೇಪರಿನಿಂದ ತಲೆ ಎತ್ತದೆ. "ಜಿರಳೆ ಅಂದರೆ ನಮ್ಮ ಊರಿನದ್ದು. ಹೆಬ್ಬೆರಳಿನಷ್ಟು ಇರ್ತದೆ, ಹಾರ್ತದೆ. ಇದು ಇಲ್ಲಿಯದ್ದು ಎಂತದೋ ಮರಳಿನ ಹುಳ."

ಹೊಸ ಹೆಂಡತಿ, ನಂಬಿದೆ. ಮಧ್ಯಾಹ್ನ ಗುಡಿಸಲೆಂದು ಫ್ರಿಜ್ಜನ್ನು ಮುಂದಕ್ಕೆ ಎಳೆದೆ ನೋಡಿ. ಹಿಂದೆ ಮೋಟರಿನ ಬೆಚ್ಚಗಿನ ಜಾಗದಲ್ಲಿ ಅಜ್ಜ ಅಜ್ಜಿಯಿಂದ ಹಿಡಿದು ಮೊಮ್ಮಕ್ಕಳವರೆಗೆ ಇಡೀ ಅವಿಭಕ್ತ ಕುಟುಂಬವೇ ಕೂತಿತ್ತು. ನಾನು ಸ್ಟೂಲಿನ ಮೇಲೆ ಹತ್ತಿದವಳು ಇವರು ಆಫೀಸಿನಿಂದ ಬರುವವರೆಗೆ ಇಳಿಯಲಿಲ್ಲ.

"ಮರಳಿನ ಹುಳಕ್ಕೆ ಅಡುಗೆಮನೆಯಲ್ಲಿ ಎಂತ ಕೆಲಸ?" ಎಂದು ಸ್ಟೂಲಿನ ಮೇಲಿಂದಲೇ ಕೇಳಿದೆ.

"ಹೊರಗೆ ಈ ನಮೂನೆ ಬಿಸಿಲು ಮಾರಾಯ್ತಿ. ಅವಕ್ಕೂ ಎ.ಸಿ. ಬೇಡವಾ?"

ಊರಿನ ಅಕ್ಕಿ, ಊರಿನ ಹುಳ

ದೋಹಾದಲ್ಲಿ ಅನ್ನ ಇಲ್ಲವೋ ಎಂಬಂತೆ, ಬರುವವರ ಕೈಯಲ್ಲಿ ಅತ್ತೆ ಕುಚ್ಚಲಕ್ಕಿ ಕಳಿಸುತ್ತಿದ್ದರು. ಒಂದು ಸಲ ಗಂಟು ಬಿಚ್ಚಿದರೆ ಅಕ್ಕಿಗಿಂತ ಕಪ್ಪು ಹುಳಗಳೇ ಜಾಸ್ತಿ ಓಡಾಡುತ್ತಿದ್ದವು. ಊರಲ್ಲಾದರೆ ಅಂಗಳದಲ್ಲಿ ಚಾಪೆ ಹಾಸಿ ಬಿಸಿಲಿಗೆ ಹಾಕುವುದು. ಇಲ್ಲಿ ಬಿಸಿಲಿಗೆ ಎಂತ ಬರಗಾಲ? ಬಾಲ್ಕನಿಯಲ್ಲಿ ಬೆಡ್‌ಶೀಟ್ ಹಾಸಿ ಹರವಿದೆ. ಆ ಬಿಸಿಲಿಗೆ ಹುಳಗಳು ನೋಡನೋಡುತ್ತಲೇ ಗಂಟುಮೂಟೆ ಕಟ್ಟಿದವು. ಒಂದರ ಹಿಂದೆ ಒಂದು ಸಾಲಾಗಿ ಬಾಲ್ಕನಿಯ ಅಂಚು ದಾಟಿ ಗೋಡೆಯಲ್ಲಿ ಇಳಿದುಹೋದವು. ಭಲೇ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಸ್ವಲ್ಪ ಹೊತ್ತಿಗೆ ಯಾರೋ ಬಾಗಿಲು ಬಡಿದರು. ಕೆಳಗಿನ ಫ್ಲ್ಯಾಟಿನ ಬ್ಯಾರಿ ಅಕ್ಕ. ಮಂಗಳೂರಿನವರು, ದೋಹಾದಲ್ಲಿ ಬೇರುಬಿಟ್ಟವರು.

"ನಿಮ್ಮ ಕಡೆಯಿಂದ ನೆಂಟರು ಬಂದಿದ್ದಾರೆ ನಮ್ಮಲ್ಲಿಗೆ," ಎಂದರು ತಣ್ಣಗೆ.

ನನಗೆ ಭೂಮಿ ಬಾಯಿಬಿಡಬಾರದಾ ಅನಿಸಿತು. ಅವರೂ ಬಾಲ್ಕನಿಯಲ್ಲಿ ಅಕ್ಕಿ ಒಣಹಾಕಿದ್ದರಂತೆ. "ನಮ್ಮದೇ ಅಂತ ಹೇಗೆ ಹೇಳ್ತೀರಿ ಅಕ್ಕ?" ಎಂದೆ, ಒಂದು ಕೊನೆಯ ಪ್ರಯತ್ನವಾಗಿ.

"ಬಾಸುಮತಿ ಒಂದು ಕಡೆ ಹರವಿದ್ದೆ, ಕುಚ್ಚಲಕ್ಕಿ ಒಂದು ಕಡೆ. ಬಾಸುಮತಿಯನ್ನು ಅವು ಮೂಸಿಯೂ ನೋಡಲಿಲ್ಲ. ಊರಿನವರಲ್ಲದೆ ಮತ್ತೆ ಯಾರು?"

ನಿಂತು ಉಣ್ಣುವ ಸಂಪ್ರದಾಯ

ಗಲ್ಫಿನಲ್ಲಿ ಕೆಲಸ ಖಲಾಸ್ ಮಾಡಿ ಊರಿಗೆ ಹೋಗುವವರು ಮಂಚ, ಕುರ್ಚಿ ಎಲ್ಲ ಗುರುತಿನವರಿಗೆ ಬಿಟ್ಟು ಹೋಗುವುದು ವಾಡಿಕೆ. ಹಾಗೆ ನಮಗೊಂದು ಸೋಫಾ ಬಂತು. ಕೆಂಪು ಮಖಮಲ್ಲು. ನಾನು ಹಿಗ್ಗಿ ಹೀರೇಕಾಯಿ ಆದೆ. ಆ ವಾರವೇ ಇವರ ಮ್ಯಾನೇಜರ್ ಊಟಕ್ಕೆ ಬಂದರು. ಈಜಿಪ್ಟಿನವರು, ಭಾರೀ ಆಳು. ಅವರನ್ನೇ ಸೋಫಾದ ನಡುವೆ ಕೂರಿಸಿ ಕೈಗೆ ತಟ್ಟೆ ಕೊಟ್ಟೆವು.

ಎರಡು ತುತ್ತು ತಿಂದಿರಬಹುದು. ಒಮ್ಮೆ ಎಡಕ್ಕೆ ಸರಿದರು, ಒಮ್ಮೆ ಬಲಕ್ಕೆ. ಆಮೇಲೆ ತಟ್ಟೆ ಹಿಡಿದು ಎದ್ದೇ ನಿಂತರು. ಸಾಹೇಬರು ನಿಂತ ಮೇಲೆ ಇವರು ಕೂರುವುದು ಹೇಗೆ? ಇವರೂ ನಿಂತರು. ಊಟಕ್ಕೆ ಬಂದಿದ್ದ ಇವರ ಇಬ್ಬರು ಸಹೋದ್ಯೋಗಿಗಳೂ ನಿಂತರು. ಕೋಳಿ ಸುಕ್ಕದಿಂದ ಪಾಯಸದವರೆಗೆ ಎಲ್ಲರೂ ನಿಂತೇ ಉಂಡರು. ಅವರು ಹೋದ ಮೇಲೆ ನಾನು ಸೋಫಾದ ಹೊಲಿಗೆ ಬಿಡಿಸಿ ನೋಡಿದೆ. ಅಂಚಿನುದ್ದಕ್ಕೂ ತಿಗಣೆ, ತಿಂದು ತೇಗಿ ಕೆಂಪಗೆ. ನನಗೆ ನಾಚಿಕೆಯಲ್ಲಿ ಅಳುವೇ ಬಂತು.

ಮರುದಿನ ಮ್ಯಾನೇಜರ್ ಆಫೀಸಿನಲ್ಲಿ ಹೇಳಿದರಂತೆ: "ಇಂಡಿಯಾದವರು ಅತಿಥಿ ನಿಂತರೆ ಮನೆಮಂದಿಯೆಲ್ಲ ನಿಂತು ಉಣ್ತಾರೆ. ಇಂಥ ಮರ್ಯಾದೆ ನನ್ನ ಮಾವನ ಮನೆಯಲ್ಲೂ ಸಿಕ್ಕಿಲ್ಲ."

ಕ್ಯಾಸೆಟ್ಟಿನೊಳಗಿನ ಮಾತು

ಆಗ ಫೋನ್ ದುಬಾರಿ. ಟೇಪ್ ರೆಕಾರ್ಡರಿನಲ್ಲಿ ಮಾತು ತುಂಬಿಸಿ, ಊರಿಗೆ ಹೋಗುವವರ ಕೈಯಲ್ಲಿ ಕ್ಯಾಸೆಟ್ ಕಳಿಸುವುದು ಎಲ್ಲರ ಕ್ರಮ. ರಜೆ ಹತ್ತಿರ ಬಂದಿತ್ತು. ಅತ್ತೆಯ ಮನಸ್ಸು ಈಗಲೇ ಗಟ್ಟಿ ಮಾಡಿಡಬೇಕೆಂದು ನಾನೂ ಕೂತು ಶುರುಮಾಡಿದೆ. "ಅತ್ತೇ, ನಾನು ಇಲ್ಲಿ ಸುಖವಾಗಿದ್ದೇನೆ. ಎಷ್ಟು ಕ್ಲೀನು ಅಂದರೆ, ಒಂದು ಹುಳ ಅಂತ ಕಣ್ಣಿಗೆ ಬೀಳುವುದಿಲ್ಲ..."

ಅಷ್ಟು ಹೇಳುವಾಗ ಟೇಪ್ ರೆಕಾರ್ಡರಿನ ಬಟನ್ ಸಂದಿಯಿಂದಲೇ ಒಂದು ಮೀಸೆ ಹೊರಗೆ ಬಂತು. ಹಿಂದಿನಿಂದ ಉಳಿದ ಜಿರಳೆಯೂ ಬಂತು. ಆಮೇಲೆ ನಾನೆಂತ ಮಾಡಿದೆ ನನಗೆ ಗೊತ್ತಿಲ್ಲ. ಸುಧಾರಿಸಿಕೊಂಡು ಉಳಿದ ಮಾತು ಮುಗಿಸಿ, ಹೊರಟವರ ಕೈಗೆ ಕ್ಯಾಸೆಟ್ ಕೊಟ್ಟೆ.

ಹದಿನೈದು ದಿನ ಕಳೆದು ಅತ್ತೆಯ ಫೋನ್. "ಕ್ಯಾಸೆಟ್ ಕೇಳಿದೆ. ನಡುವೆ ಅದೆಂತ ಬೊಬ್ಬೆ?"

ಇವರು ರಿಸೀವರ್ ಕಸಿದುಕೊಂಡರು. "ಇಲ್ಲಿ ಹಬ್ಬ ಇತ್ತು ಅಮ್ಮಾ. ಬೀದಿಯಲ್ಲಿ ಗಲಾಟೆ."

"ಹೌದಾ? ಅಲ್ಲಿ ಹಬ್ಬಕ್ಕೆ 'ಚಪ್ಪಲಿ ಎಲ್ಲಿ, ಚಪ್ಪಲಿ ಎಲ್ಲಿ' ಅಂತ ಕೂಗುವುದಾ ಮಗಾ?"

ರಟ್ಟಿನ ಪೆಟ್ಟಿಗೆ

ರಜೆಗೆ ಹೊರಟೆವು. ಗಲ್ಫಿನಿಂದ ಹೋಗುವವರ ಮರ್ಯಾದೆ ಇರುವುದು ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಯಲ್ಲಿ. ಕೆಳಗಿನ ಅಂಗಡಿಯಿಂದ ಖಾಲಿ ಪೆಟ್ಟಿಗೆ ತಂದು, ವಾರಗಟ್ಟಲೆ ಅಡುಗೆಮನೆಯಲ್ಲೇ ಇಟ್ಟು, ಹಾಲಿನ ಪುಡಿ, ಖರ್ಜೂರ, ಸೆಂಟು, ಸಾಬೂನು ತುಂಬಿದೆ. ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ. ಅತ್ತೆ ಕಳಿಸುತ್ತಾರೋ, ಇಲ್ಲೇ ಕೂರಿಸುತ್ತಾರೋ.

ಮನೆಯಲ್ಲಿ ನೆರೆಕರೆಯವರೆಲ್ಲ ಸುತ್ತ ಕೂತಿದ್ದರು. ಅತ್ತೆ ಕತ್ತಿಯಲ್ಲಿ ಹಗ್ಗ ಕೊಯ್ದು ಮುಚ್ಚಳ ತೆಗೆದರು. ರಟ್ಟಿನ ಮಡಿಕೆಗಳೊಳಗಿಂದ ನಮ್ಮ ಫ್ರಿಜ್ಜಿನ ಹಿಂದಿನ ಕುಟುಂಬ ಸಪರಿವಾರ ಇಳಿಯಿತು. ಹಾಲಿನ ಪುಡಿ ಡಬ್ಬಿಯ ಮೇಲೊಂದು, ಅತ್ತೆಯ ಸೆರಗಿನ ಮೇಲೊಂದು, ಉಳಿದವು ದಶದಿಕ್ಕಿಗೆ. ಇನ್ನು ದೋಹಾ ಕನಸು ಎಂದುಕೊಂಡೆ.

"ಇದೆಂತ, ಜಿರಳೆಯಾ?" ಎಂದರು ಪಕ್ಕದ ಮನೆಯವರು, ಬಾಯಿಗೆ ಕೈ ಇಟ್ಟುಕೊಂಡು.

ಅತ್ತೆ ಸೆರಗು ಕೊಡವಿದರು. ನನ್ನ ಮುಖ ನೋಡಿದರು, ಮಗನ ಮುಖ ನೋಡಿದರು. "ಜಿರಳೆ ಅಲ್ಲ," ಎಂದರು ಗಂಭೀರವಾಗಿ. "ಅಲ್ಲಿಯದ್ದು ಎಂತದೋ ಮರಳಿನ ಹುಳ."

ಮಗನಿಗೆ ಆ ಬುದ್ಧಿ ಎಲ್ಲಿಂದ ಬಂತೆಂದು ನನಗೆ ಆಗ ಗೊತ್ತಾಯಿತು. ಆದರೆ ಕಳಿಸುವ ಮಾತನ್ನು ಅತ್ತೆ ಎತ್ತಲಿಲ್ಲ, ಕೇಳಲು ನನಗೆ ಧೈರ್ಯ ಇಲ್ಲ. ರಜೆ ಮುಗಿಯುವ ದಿನ ಸುಮ್ಮನೆ ನನ್ನ ಚೀಲವನ್ನೂ ಜೀಪಿಗೆ ಹಾಕಿಸಿದರು. ಯಾಕೆ ಮನಸ್ಸು ಬದಲಾಯಿತೆಂದು ದಾರಿಯುದ್ದಕ್ಕೂ ಇಬ್ಬರೂ ತಲೆ ಕೆರೆದುಕೊಂಡೆವು.

ಉತ್ತರ ಬಂದದ್ದು ನಾಲ್ಕು ತಿಂಗಳ ಮೇಲೆ, ಅತ್ತೆಯದ್ದೇ ಕ್ಯಾಸೆಟ್ಟಿನಲ್ಲಿ. ಮಳೆ, ದನ, ಬಾವಿಯ ಪಂಪು ಎಲ್ಲ ಹೇಳುತ್ತಿದ್ದ ಸ್ವರ ಇದ್ದಕ್ಕಿದ್ದಂತೆ ನಿಂತಿತು. ಫಟ್ ಎಂದು ಒಂದು ಶಬ್ದ. ಮತ್ತೆ ಫಟ್. ಆಮೇಲೆ ಏದುಸಿರು ಬಿಡುತ್ತಾ ಅತ್ತೆ ಮುಂದುವರಿಸಿದರು:

"ನಿನ್ನವರೆಲ್ಲ ಇಲ್ಲಿ ಸೌಖ್ಯ. ಮಕ್ಕಳು, ಮೊಮ್ಮಕ್ಕಳು ಆಗಿದ್ದಾರೆ. ನಿನ್ನನ್ನು ಇಲ್ಲಿ ಇಟ್ಟುಕೊಂಡಿದ್ದರೆ ಅಂಗಳದಲ್ಲೇ ಮಲಗಿಸಬೇಕಿತ್ತು. ನೀನು ಅಲ್ಲೇ ಗಂಡನ ಜೊತೆ ಸುಖವಾಗಿರು ಮಗಾ. ಬರುವಾಗ ಕೈಬೀಸಿಕೊಂಡು ಬಾ."