ಚೊಕ್ಕಣ್ಣ ನುಂಗಿದ ವಧೂವರರು

"ಗಿರಿಜಾ! ಕೈಯಾಗಿನ ಕೆಲಸ ಬಿಟ್ಟು ಬಾ! ಚೊಕ್ಕಣ್ಣ ರೆಡಿ ಆದ!"

ದಾವಣಗೆರೆಯ ಆ ಮನೆಯಲ್ಲಿ ಇಂಥ ಕೂಗು ಎದ್ದಾಗಲೆಲ್ಲ ಗಿರಿಜಾಂಬ ಮೊದಲು ಮೇನ್ ಸ್ವಿಚ್ಚಿನ ಕಡೆ ನೋಡುತ್ತಿದ್ದಳು. ಯಂತ್ರ ಕಂಡುಹಿಡಿಯುವುದು ಗಂಡ ಇಂದುಧರಪ್ಪನ ಹುಚ್ಚು. ಆ ಯಂತ್ರಗಳಿಂದ ಮನೆ ಉಳಿಸಿಕೊಳ್ಳುವುದು ಆಕೆಯ ಹಣೆಬರಹ.

ಆಕೆಗೂ ಒಂದು ಕೆಲಸವಿತ್ತು ಅನ್ನಿ. ವಧೂವರ ಕೇಂದ್ರ ನಡೆಸುತ್ತಿದ್ದಳು. ಮನೆಮನೆಗೆ ಹೋಗಿ, ಕೊಟ್ಟ ಚಹಾವನ್ನೆಲ್ಲ ಕುಡಿದು ಪಿತ್ತ ಏರಿಸಿಕೊಂಡು, ಹುಡುಗ ಹುಡುಗಿಯರ ವಿವರ ತಂದು ವೆಬ್‌ಸೈಟಿಗೆ ತುಂಬಿದ್ದಳು. ಹಳೆಯ ಫೈಲುಗಳನ್ನು ಗಂಡನ ಮಾತು ಕೇಳಿ ರದ್ದಿಯವನಿಗೆ ಹಾಕಿದ್ದಳು. ಗಂಡನ ಮಾತು ಕೇಳಿದ್ದು ಅದೇ ಮೊದಲು, ಅದೇ ಕೊನೆ.

ಈಗ ವೆಬ್‌ಸೈಟ್ ಇಟ್ಟಿದ್ದ ಹೋಸ್ಟಿಂಗ್ ಖಾತೆಯಲ್ಲಿ ಜಾಗವೇ ಉಳಿದಿರಲಿಲ್ಲ. ಇಂದುಧರಪ್ಪ ಪ್ರಯೋಗಕ್ಕೆಂದು ಡೇಟಾಬೇಸ್ ಮೇಲೆ ಡೇಟಾಬೇಸ್ ಮಾಡಿ ಹಾಗೇ ಬಿಟ್ಟಿದ್ದ: 'ಟೆಸ್ಟ್', 'ಹೊಸ ಟೆಸ್ಟ್', 'ಇದೇ ಕೊನೆ', 'ಇದೇ ನಿಜವಾದ ಕೊನೆ'. ಅವನ್ನು ತೆಗೆಯಿರಿ ಎಂದು ಹೆಂಡತಿ ಹೇಳಿದ್ದೇ ತಪ್ಪಾಯಿತು.

"ಬ್ಯಾಡಾದ್ದನ್ನ ಆರಿಸಿ ಡಿಲೀಟ್ ಒತ್ತಿದ್ರೆ ಮುಗೀತಲ್ರೀ! ಅದಕ್ಯಾಕ್ರೀ ಯಂತ್ರ?"

"ಮನುಷ್ಯ ಒತ್ತಿದ್ರೆ ತಪ್ಪಾಗ್ತತಿ! ಚೊಕ್ಕಣ್ಣ ತಪ್ಪೋದೇ ಇಲ್ಲ!"

ಚೊಕ್ಕಣ್ಣನಿಗೆ ಹಳೆಯ ವಾಷಿಂಗ್ ಮೆಷಿನ್ನಿನ ಹೊಟ್ಟೆ, ಟೇಬಲ್ ಫ್ಯಾನಿನ ಕತ್ತು, ತುದಿಯಲ್ಲಿ ಹಿತ್ತಾಳೆಯ ಮೂಗು. ಜನ ಬಳಸುತ್ತಿರುವ ಡೇಟಾಬೇಸಿಗೆ ಒಂದು ಬಿಸಿ ಇರುತ್ತದಂತೆ. ಮೂಗು ಪರದೆಯನ್ನು ಮೂಸುತ್ತ ಹೋಗುತ್ತದೆ. ತಣ್ಣಗಿರುವುದು ಸಿಕ್ಕರೆ ನುಂಗುತ್ತದೆ, ಅಷ್ಟೇ!

ಗುಳುಂ! 'ಟೆಸ್ಟ್' ಹೋಯಿತು. ಗುಳುಂ! 'ಇದೇ ಕೊನೆ' ಹೋಯಿತು. ಇಂದುಧರಪ್ಪ ಮಗ ಪಾಸಾದವನಂತೆ ಬೀಗಿದ. ಗಿರಿಜಾಂಬಳಿಗೂ ಒಂದು ಗಳಿಗೆ, ಈ ಸಲ ಏನೂ ಕೆಡಲಿಲ್ಲವಲ್ಲ ಎನ್ನಿಸಿತು. ಪಾಪ!

ಗುಳುಂ!

"ಈಗ ನುಂಗಿದ್ದು ಯಾವುದ್ರೀ?"

"ಅದು... ಬ್ಯಾಕಪ್ಪು."

"ಅಯ್ಯೋ! ನನ್ನ ಬ್ಯಾಕಪ್ಪಾ?"

"ಅದನ್ನ ಯಾರೂ ಮುಟ್ಟಿಲ್ಲ ನೋಡು. ತಣ್ಣಗೈತಿ."

"ಬ್ಯಾಕಪ್ ದಿನಾ ಮುಟ್ಟಾಕೆ ಇಡ್ತಾರೇನ್ರೀ? ಆಪತ್ತಿಗೆ ಬೇಕಂತ ಇಡೋದು!"

"ಅಸಲಿ ಐತಲ್ಲ, ಯಾಕೆ ಕೂಗಾಡ್ತಿ?"

ಮೂಗು ವಧೂವರರ ಅಸಲಿ ಡೇಟಾಬೇಸಿನ ಮೇಲೆಯೇ ಬಂದು ನಿಂತಿತು. ಮೂಸಿತು. ಮತ್ತೆ ಮೂಸಿತು. ಗಿರಿಜಾಂಬಳಿಗೆ ಆಗ ಹೊಳೆಯಿತು. ಆಷಾಢ ನಡೆಯುತ್ತಿತ್ತು! ಆಷಾಢದಲ್ಲಿ ಯಾರು ಹೆಣ್ಣು ನೋಡುತ್ತಾರೆ, ಯಾರು ಗಂಡು ಹುಡುಕುತ್ತಾರೆ? ಅಮಾವಾಸ್ಯೆ ಕಳೆಯುವ ತನಕ ಆ ಸೈಟಿನ ಕಡೆ ಒಂದು ನರಪಿಳ್ಳೆಯೂ ಸುಳಿಯುವುದಿಲ್ಲ. ಪ್ರತಿವರ್ಷವೂ ಹಾಗೇ. ಅದನ್ನು ಚೊಕ್ಕಣ್ಣನಿಗೆ ಹೇಳಿದವರು ಯಾರೂ ಇಲ್ಲ.

ಓಡಿಹೋಗಿ ಮೇನ್ ಸ್ವಿಚ್ ಆರಿಸಿದಳು.

"ಹೆದರಬ್ಯಾಡ! ಕರೆಂಟ್ ಹೋದ್ರೂ ನಿಲ್ಲಬಾರದಂತ ಎಲ್ಲಕ್ಕೂ ಬ್ಯಾಟರಿ ಕೂರಿಸೀನಿ!" ಎಂದ ಇಂದುಧರಪ್ಪ, ಹೆಮ್ಮೆಯಿಂದ.

ಗುಳುಂ!

ಅಷ್ಟು ಮನೆಯ ಮಕ್ಕಳು, ಅಷ್ಟು ತಾಯಂದಿರ ನಂಬಿಕೆ, ಎಲ್ಲ ಒಂದು ಗುಟುಕಿಗೆ ಹೋಗಿತ್ತು. ಗಿರಿಜಾಂಬ ಕಾಗದ ಪೆನ್ನು ಹಿಡಿದು ನೆನಪಿನಿಂದ ಬರೆಯಲು ನೋಡಿದಳು. ಬಿ.ಎಡ್. ಓದಿದ ಎತ್ತರದ ಹುಡುಗಿ, ಊರು ಯಾವುದು? ಎರಡು ಎಮ್ಮೆ ಇದ್ದ ಮನೆಯ ಹುಡುಗ, ಹೆಸರೇನು? ಎಮ್ಮೆಗಳು ಕಣ್ಣಿಗೆ ಕಟ್ಟಿದಂತಿದ್ದವು, ಹುಡುಗನ ಮುಖ ಮಾತ್ರ ಬರಲೊಲ್ಲದು. ಶ್ರಾವಣ ಹುಟ್ಟಿದರೆ ಜನ ಬಾಗಿಲಿಗೆ ಬರುತ್ತಾರೆ, ಅವರಿಗೆ ಏನು ಹೇಳಲಿ ಎಂದು ಗಳಗಳನೆ ಅತ್ತಳು.

ಅಳುವುದಕ್ಕೂ ಪುರುಸೊತ್ತಿಲ್ಲ. ಫೋನ್ ಹೊಡೆದುಕೊಂಡಿತು. ಹರಿಹರದ ಗೌರಮ್ಮ.

"ಏನವ್ವಾ ಇದು ಮೆಸೇಜು? 'ನಿಮ್ಮ ಪುತ್ರ ಮರುಳಸಿದ್ಧ ಬಹುಕಾಲದಿಂದ ಬಳಕೆಯಲ್ಲಿಲ್ಲದ ಕಾರಣ ಅಳಿಸಲಾಗಿದೆ, ಧನ್ಯವಾದಗಳು' ಅಂತ! ಅವನು ನನ್ನೆದುರಿಗೇ ರೊಟ್ಟಿ ತಿಂತಾ ಕುಂತಾನೆ!"

ನುಂಗಿದ್ದಕ್ಕೆಲ್ಲ ತಿಳಿವಳಿಕೆ ಕಳಿಸುವ ಸೌಜನ್ಯವನ್ನೂ ಇಂದುಧರಪ್ಪ ಚೊಕ್ಕಣ್ಣನಿಗೆ ಕಲಿಸಿದ್ದ! ಆಮೇಲೆ ಫೋನ್ ನಿಲ್ಲಲೇ ಇಲ್ಲ. ಗಿರಿಜಾಂಬ ಒಬ್ಬೊಬ್ಬರಿಗೂ ಕೈಮುಗಿದು ಕ್ಷಮೆ ಕೇಳಿದಳು. ವಿವರ ಮತ್ತೆ ಕೊಡಿ ಎಂದರೆ ಯಾರೂ ಒಪ್ಪಲಿಲ್ಲ. ಅಳಿಸಿಹಾಕಿದವಳ ಕೈಗೆ ಮತ್ತೆ ಯಾರು ಮಗನನ್ನು ಕೊಡುತ್ತಾರೆ? ಕೇಂದ್ರದ ಬೋರ್ಡನ್ನು ತಾನೇ ಇಳಿಸಿ ಅಟ್ಟಕ್ಕೆ ಹಾಕಿದಳು.

ಶ್ರಾವಣದ ಮೊದಲ ಬೆಳಿಗ್ಗೆ ಮತ್ತೆ ಫೋನ್. ಬೈಗುಳಕ್ಕೆ ಸಿದ್ಧಳಾಗಿಯೇ ಎತ್ತಿದಳು. ಬೈಗುಳವಲ್ಲ! ಶಿಕಾರಿಪುರದ ಹೆಣ್ಣಿನ ಕಡೆಯವರು. ಸೈಟಿನಲ್ಲಿರುವ ಗಂಡು ಬಹಳ ಹಿಡಿಸಿದ್ದಾನಂತೆ. ಫೋನ್ ಇಟ್ಟ ಕೂಡಲೇ ಹೊನ್ನಾಳಿಯವರು, ಅದೇ ಗಂಡು. ಜಗಳೂರಿನವರು; ಅದೇ ಗಂಡು!

ಗಿರಿಜಾಂಬ ಗಡಬಡಿಸಿ ಸೈಟ್ ತೆರೆದಳು. ಒಂದೇ ಒಂದು ಡೇಟಾಬೇಸ್ ಉಳಿದಿತ್ತು, ಸೈಟು ಈಗ ಅದನ್ನೇ ತೋರಿಸುತ್ತಿತ್ತು. ಅದರಲ್ಲಿ ಒಬ್ಬನೇ ವರ. 'ಇಂದುಧರಪ್ಪ. ಅವಿವಾಹಿತ. ವಿಜ್ಞಾನಿ. ಶಾಂತ ಸ್ವಭಾವ. ಅಡುಗೆ ಬರುತ್ತದೆ.'

"ರೀ! ಏನ್ರೀ ಇದು?"

"ಮೂಗು ಬಿಸಿ ಹಿಡೀತತೋ ಇಲ್ಲೋ ಅಂತ ನೋಡಾಕೆ ಒಂದು ಡೇಟಾಬೇಸನ್ನ ದಿನಾ ಬಳಸ್ತಿದ್ದೆ, ಅದಕ್ಕೇ ಅದು ಬಿಸಿಯಾಗೇ ಉಳೀತು. ಖಾಲಿ ಬಿಡಬಾರದಂತ ನನ್ನ ಹೆಸರೇ ತುಂಬಿದ್ದೆ."

"ಅವಿವಾಹಿತ ಅಂತ?"

"ಮದುವ್ಯಾಗೇತಿ ಅಂದ್ರೆ ಸೈಟು ತಗಳ್ಳಲಿಲ್ಲ. ನೀನೇ ಮಾಡ್ಸಿದ್ದಲ್ಲೇನು ಆ ನಿಯಮ?"

ಫೋನ್ ಮತ್ತೆ ಹೊಡೆದುಕೊಂಡಿತು. "ಆ ಹುಡುಗ ಇನ್ನೂ ಅದಾನೇನ್ರೀ?" ಎಂದು ಕೇಳಿದರು ಚನ್ನಗಿರಿಯವರು.

ಗಿರಿಜಾಂಬ ಗಂಡನನ್ನು ನೋಡಿದಳು. ಚೊಕ್ಕಣ್ಣನ ಹೊಟ್ಟೆಯೊಳಗೆ ತಲೆಯಿಟ್ಟು, ಸ್ಕ್ರೂಡ್ರೈವರ್ ತಿರುಗಿಸುತ್ತ, ಅವನು ನಿಜಕ್ಕೂ ಶಾಂತವಾಗಿದ್ದ.

"ಅದಾರ್ರೀ. ಅಡುಗೆ ಬರ್ತತಿ ಅನ್ನೋದೊಂದು ಸುಳ್ಳು, ಉಳಿದದ್ದನ್ನ ನೀವೇ ನೋಡ್ಕಳ್ರಿ. ಬರೋವಾಗ ದೊಡ್ಡ ಗಾಡಿ ತರ್ರಿ, ಜತೆಗೊಂದು ಯಂತ್ರಾನೂ ಕಳಿಸ್ತೀನಿ."