ಭಜನೆಗೆ ಬಾರದ ಬೂಸ್ಟರ್

ನಮ್ಮ ಮನೆಯ ಟೀವಿ ಬೂಸ್ಟರ್ ನಾಸ್ತಿಕ. ಈ ಮಾತನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ, ಹೇಳಿಯೂ ಇದ್ದೇನೆ. ಬೆಳಿಗ್ಗೆ ಟೀವಿಯಲ್ಲಿ ಭಜನೆ ಬರುವ ಹೊತ್ತಿಗೆ ಪರದೆಯ ತುಂಬ ಮೊರದಲ್ಲಿ ಕೇರಿದ ಹಾಗೆ ಬರೀ ನುಚ್ಚು. ಹಾಡುವವರು ಗಂಡಸೋ ಹೆಂಗಸೋ ಗೊತ್ತಾಗುವುದಿಲ್ಲ. ಅದೇ ಮಧ್ಯಾಹ್ನ ನಮ್ಮ ಯಜಮಾನರು ಊಟ ಮುಗಿಸಿ ಕ್ರಿಕೆಟ್ ಹಾಕಿದರೋ, ಬೌಲರನ ಮೂಗಿನ ಮೇಲಿನ ಬೆವರ ಹನಿಯೂ ಹೊಳೆಯುತ್ತದೆ. ಇದು ಪಕ್ಷಪಾತವಲ್ಲದೆ ಇನ್ನೇನು?

ಈ ಮಹಾನುಭಾವ ನಮ್ಮ ಮನೆ ಹೊಕ್ಕಿದ್ದು ಯಜಮಾನರ ಮಂಡಿಯ ದೆಸೆಯಿಂದ. ಕೊಪ್ಪದಲ್ಲಿ ನಮ್ಮದು ತಗ್ಗಿನ ಓಣಿ. ಜೋರಾಗಿ ಗಾಳಿ ಬೀಸಿದರೆ ಸಾಕು, ತಾರಸಿಯ ಮೇಲಿನ ಆಂಟೆನಾ ಮುಖ ತಿರುಗಿಸಿಕೊಳ್ಳುತ್ತಿತ್ತು. ಅವರು ಮೇಲೆ ಹತ್ತಿ "ಈಗ ಬಂತಾ?" ಎನ್ನುವುದು, ನಾನು ಕೆಳಗಿನಿಂದ "ಹೋಯ್ತು!" ಎನ್ನುವುದು, ಓಣಿಗೆಲ್ಲ ನಮ್ಮ ಸಂಸಾರದ ನೇರಪ್ರಸಾರ. ಕಡೆಗೆ ಮಂಡಿ ಹಿಡಿದುಕೊಂಡ ಮೇಲೆ ಬಾಳೆಹೊನ್ನೂರಿನಿಂದ ಈ ಪುಟ್ಟ ಡಬ್ಬಿ ತಂದು ಟೀವಿಯ ಪಕ್ಕ ಪ್ರತಿಷ್ಠಾಪಿಸಿದರು. ಕೆಂಪು ದೀಪ ಹೊತ್ತಿತು. ಅವರು ಅಪ್ಪಣೆ ಹೊರಡಿಸಿದರು.

"ನೋಡೇ, ಇನ್ನು ಮೇಲೆ ಆಂಟೆನಾ ಹತ್ರ ಯಾರೂ ಹೋಗದು ಬೇಡ, ಯಾರೂ ಮುಟ್ಟದೂ ಬೇಡ. ಸಿಗ್ನಲ್ ಎಷ್ಟು ಬೇಕೋ ಅಷ್ಟು ಇದೇ ಎಳ್ಕೊಳ್ತದೆ."

ನಾನು ಹೇಳಿದ್ದನ್ನು ಕೇಳುವವಳು. ಮೂವತ್ತು ವರ್ಷದಿಂದ ಕೇಳುತ್ತಲೇ ಬಂದಿದ್ದೇನೆ. (ಅದೇ ವಾರ ದೇವರು ನನ್ನದೂ ಒಂದು ಕಷ್ಟ ಕಳೆದ. ಪೂಜೆಗೆ ಉಡುವ ಮಡಿ ಸೀರೆಯನ್ನು ಯಾರೂ ಮುಟ್ಟದ ಕಡೆ ಒಣಗಿಸಬೇಕಲ್ಲ. ಹಿತ್ತಿಲ ಗಳುವಿನ ಮೇಲೆ ಹರವಿದರೆ ಪಕ್ಕದ ಮನೆ ಶಂಕರಮ್ಮನ ಬೆಕ್ಕು ಜೋತಾಡುತ್ತಿತ್ತು. ಅದಕ್ಕೊಂದು ಪ್ರಶಸ್ತವಾದ ಜಾಗ ಸಿಕ್ಕಿತು. ಇರಲಿ, ಬೂಸ್ಟರಿನ ವಿಷಯಕ್ಕೆ ಬರೋಣ.)

ನುಚ್ಚಿನಲ್ಲೇ ಹೇಗೋ ಕಾಲ ಹಾಕುತ್ತಿದ್ದೆ. ಆದರೆ ನಮ್ಮ ಭಜನಾ ಮಂಡಳಿಯನ್ನು ಟೀವಿಯವರು ಬಂದು ಚಿತ್ರ ತೆಗೆದುಕೊಂಡು ಹೋದರು. ನಾನು ಯಾವಾಗಲೂ ಹಿಂದಿನ ಸಾಲಿನಲ್ಲಿ ಕೂತು ತಾಳ ಹಾಕುವವಳು. ಅವತ್ತು ಮುಂದೆ ಹಾಡುವವರಿಗೆ ಗಂಟಲು ಕಟ್ಟಿತ್ತು. ಕಡೆಯ ನುಡಿಯನ್ನು ನಾನೊಬ್ಬಳೇ ಹಾಡಿದೆ. ಮನೆಗೆ ಬಂದು ಹೇಳಿದರೆ ಯಜಮಾನರು ಪೇಪರಿನಿಂದ ತಲೆ ಎತ್ತದೆ, "ನೀನಾ? ತಾಳ ಹಾಕಿರ್ತೀಯ" ಎಂದರು.

ಸರಿ, ಭಾನುವಾರ ಬೆಳಿಗ್ಗೆ ಟೀವಿಯಲ್ಲಿ ಬರುತ್ತದಲ್ಲ, ಇವರನ್ನು ಎದುರಿಗೆ ಕೂರಿಸಿ ಕೇಳಿಸಿಯೇ ತೀರುತ್ತೇನೆ ಎಂದುಕೊಂಡೆ.

ಶಂಕರಮ್ಮ ಬೇಲಿಯ ಮೇಲಿಂದ, "ನಮ್ಮನೆಗೇ ಬನ್ನಿ ಜಲಜಕ್ಕ. ನಮ್ಮ ಡಿಶ್ಶಲ್ಲಿ ನಿಮ್ಮ ಮೂಗುತಿ ಹರಳೂ ಕಾಣ್ತದೆ" ಎಂದಳು.

"ನನ್ನ ಮುಖ ನೋಡಕ್ಕೆ ನಾನು ಇನ್ನೊಬ್ರ ಮನೆಗೆ ಬರ್ಬೇಕಾ? ನೀವೇ ಬನ್ನಿ, ಅವಲಕ್ಕಿ ಮಾಡ್ತೀನಿ" ಎಂದೆ. ಹೇಳಿದ್ದೇನೋ ಹೇಳಿಬಿಟ್ಟೆ.

ಭಾನುವಾರ ಬೇಗ ಎದ್ದು, ಮಿಂದು, ಮಡಿ ಸೀರೆ ಹಿಂಡಿ ಒಣಹಾಕಿ, ದೇವರಿಗೆ ಎರಡು ದೀಪ ಹೆಚ್ಚಿಗೆ ಹಚ್ಚಿದೆ. ಶಂಕರಮ್ಮ ತಟ್ಟೆ ಹಿಡಿದು ಕೂತಳು. ಭಜನೆ ಶುರುವಾಯಿತು. ನುಚ್ಚೂ ಶುರುವಾಯಿತು.

ಯಜಮಾನರು ಬೂಸ್ಟರಿನ ತಿರುಪು ತಿರುಗಿಸಿದರು. ನುಚ್ಚು ಹೋಗಿ ಇಡೀ ಅಕ್ಕಿಯಾಯಿತು. ವಾಲ್ಯೂಮನ್ನು ಪೂರ್ತಿ ಏರಿಸಿದರು. ಟೀವಿ ಬುಸ್ ಎಂದಿತು.

"ಇದರಲ್ಲಿ ನೀವ್ಯಾರು ಜಲಜಕ್ಕ? ಈ ಚುಕ್ಕಿಯಾ, ಆ ಚುಕ್ಕಿಯಾ?" ಎಂದಳು ಶಂಕರಮ್ಮ.

ನನಗೆ ರೇಗಿತು. "ಕ್ರಿಕೆಟ್ಟಿಗೆ ಹಲ್ಲು ಕಿಸಿಯೋ ಡಬ್ಬಿಗೆ ದೇವರ ಹೆಸರು ಕೇಳಿದ್ರೆ ಜ್ವರ ಬರ್ತದೆ! ಇವತ್ತು ಇದು ಈ ಮನೇಲಿ ಇರ್ಬೇಕು, ಇಲ್ಲಾ ನಾನು!"

"ಸುಮ್ನಿರೇ ಮಾರಾಯ್ತಿ! ಬೂಸ್ಟರಿಗೇನೂ ಆಗಿಲ್ಲ. ಮೇಲೇ ನೋಡ್ತೀನಿ" ಎಂದು ಯಜಮಾನರು ಮಂಡಿ ಹಿಡಿದುಕೊಂಡು, ಎಷ್ಟೋ ತಿಂಗಳ ಮೇಲೆ ತಾರಸಿ ಹತ್ತಿದರು. ಆಮೇಲೆ ಓಣಿಗೆಲ್ಲ ಕೇಳುವ ಹಾಗೆ ಕೂಗು ಬಂತು.

"ಏಯ್! ಆಂಟೆನಾಕ್ಕೆ ಸೀರೆ ಉಡಿಸಿದ್ದು ಯಾರೇ?"

ನಾನೇ. ಯಾರೂ ಹೋಗಬಾರದು, ಯಾರೂ ಮುಟ್ಟಬಾರದು ಎಂದು ಅವರೇ ಅಪ್ಪಣೆ ಕೊಟ್ಟಿದ್ದ ಜಾಗ. ಊರಲ್ಲೆಲ್ಲ ಹುಡುಕಿದರೂ ಅದಕ್ಕಿಂತ ಮಡಿಯಾದ ಜಾಗ ಸಿಗುತ್ತಿತ್ತೇ? ಬೆಳಿಗ್ಗೆ ಕೋಲಿನಿಂದ ಹರವುವುದು, ಒಣಗಿದ ಮೇಲೆ ಊಟಕ್ಕೆ ಮುಂಚೆ ಕೋಲಿನಿಂದಲೇ ತೆಗೆಯುವುದು. ಎಲ್ಲಾ ಕೆಲಸವನ್ನೂ ಬೂಸ್ಟರೇ ಮಾಡುತ್ತದೆ ಎಂದ ಮೇಲೆ ಆಂಟೆನಾಕ್ಕೇನು ಕೆಲಸ ಎಂದುಕೊಂಡಿದ್ದೆ.

"ಎಳೀಲಾ?" ಎಂದರು ಮೇಲಿನಿಂದ.

ಕೆಳಗೆ ಆ ಬುಸ್ ಸದ್ದಿನೊಳಗೇ ಕಡೆಯ ನುಡಿ ಹತ್ತಿರ ಬರುತ್ತಿತ್ತು. ಮೇಲೆ ನನ್ನ ಮಡಿ. "ಮುಟ್ಬೇಡಿ! ಬಂದೆ!" ಎಂದು ಕೋಲು ಹಿಡಿದು ಓಡಿದೆ.

ನನ್ನ ಮಾತು ಕೇಳಿ ಅವರು ಕೈಕಟ್ಟಿಕೊಂಡು ಆಂಟೆನಾದ ಕೆಳಗೇ ನಿಂತಿದ್ದರು. ಅವಸರದಲ್ಲಿ ಕೋಲು ಹಾಕಿ ಎತ್ತಿದೆ. ಒದ್ದೆ ಸೀರೆ ಜಾರಿ ನೇರವಾಗಿ ಅವರ ತಲೆಯ ಮೇಲೆ ಬಿತ್ತು. ಬಗ್ಗಿದ್ದ ಆಂಟೆನಾ ಸೊಂಟ ನೆಟ್ಟಗೆ ಮಾಡಿಕೊಂಡಿತು.

ಕೆಳಗಿನಿಂದ ಶಂಕರಮ್ಮ ಕಿರುಚಿದಳು. "ಬಂತು! ಜಲಜಕ್ಕ, ನೀವೇ! ಮೂಗುತಿನೂ ಕಾಣ್ತಿದೆ!"

ವಾಲ್ಯೂಮ್ ಪೂರ್ತಿ ಇತ್ತು. ನನ್ನ ದನಿ ತಾರಸಿಗೂ ಏರಿ ಬಂತು. ನಾನು ನನ್ನನ್ನು ನೋಡಲಿಲ್ಲ. ನೋಡಿದ್ದು, ತಲೆಯಿಂದ ಮೊಳಕಾಲವರೆಗೆ ನನ್ನ ಸೀರೆ ಹೊದ್ದು ಅಲುಗಾಡದೆ ನಿಂತ ನನ್ನ ಗಂಡನನ್ನು. ನುಡಿ ಮುಗಿಯುವವರೆಗೂ ಅವರು ಸೀರೆ ಸರಿಸಲಿಲ್ಲ.

"ಯಾರೇ ಅದು ಹಾಡಿದ್ದು?" ಸೀರೆಯೊಳಗಿನಿಂದ ಮೆಲ್ಲಗೆ ಕೇಳಿದರು. "ಎಷ್ಟು ಚೆನ್ನಾಗಿ ಹಾಡ್ತಾಳೆ ಮಾರಾಯ್ತಿ!"

ಮಡಿ ಹೋದರೂ ಹೋಗಲಿ, ಇದೊಂದು ಮಾತು ಸಿಕ್ಕಿತಲ್ಲ. ನಾನೇ ಎನ್ನಲು ಬಾಯಿ ತೆರೆದೆ.

"ಬೂಸ್ಟರ್ ಅಂದ್ರೆ ಇದು!" ಎಂದರು ಅವರು. "ಯಾರ್ಯಾರ ದನಿಯನ್ನೆಲ್ಲ ಹೆಂಗೆ ಎತ್ತಿ ಕೊಡ್ತದೆ ನೋಡು!"

ನಾಸ್ತಿಕ ಎಂದಿದ್ದೆನಲ್ಲ, ಆ ಮಾತನ್ನು ನಾನು ಇವತ್ತಿಗೂ ಹಿಂದಕ್ಕೆ ತೆಗೆದುಕೊಂಡಿಲ್ಲ.